ಯುವಿ ದೀಪ ಕೊಳ್ಳುವ ಮೊದಲು ನೀರನ್ನು ಅಳೆಯಿರಿ: ಔಷಧದ ಅಂಶ ಒಡೆಯುವ ಲೆಕ್ಕಾಚಾರ

ಮಂಡಿನೋವಿಗೆ ನುಂಗುವ ಡೈಕ್ಲೋಫೆನಾಕ್, ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್. ಊರಿನ ಚರಂಡಿ ನೀರನ್ನು ಪರೀಕ್ಷೆಗೆ ಕೊಟ್ಟರೆ ಸಾಮಾನ್ಯವಾಗಿ ಎರಡೂ ಸಿಗುತ್ತವೆ. ಎರಡೂ ಯುವಿ ದೀಪದ 254 ನ್ಯಾನೊಮೀಟರ್ ಬೆಳಕನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹೀರುತ್ತವೆ. ಆದರೆ ಹೀರಿದ ಮೇಲೆ ಆಗುವುದು ಬೇರೆ ಬೇರೆ. ಡೈಕ್ಲೋಫೆನಾಕ್ 10,000 ಫೋಟಾನ್ (ಬೆಳಕಿನ ಕಣ) ಹೀರಿದರೆ ಸುಮಾರು 2,500 ಅಣು ಒಡೆಯುತ್ತವೆ. ಕಾರ್ಬಮಜೆಪಿನ್ ಅಷ್ಟೇ ಫೋಟಾನ್ ಹೀರಿದರೂ ಒಡೆಯುವುದು ಬರೀ 6.

ಇದನ್ನು ಡೋಸ್ ಲೆಕ್ಕಕ್ಕೆ ಇಳಿಸೋಣ. ಇಲ್ಲಿ ಡೋಸ್ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಶಕ್ತಿ, ಮಿಲಿಜೌಲ್‌ನಲ್ಲಿ. ಬರೀ ಬೆಳಕಿನಿಂದಲೇ ಡೈಕ್ಲೋಫೆನಾಕ್ ಅನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಲು 380 ಮಿಲಿಜೌಲ್ ಆಸುಪಾಸು ಸಾಕು. ಕಾರ್ಬಮಜೆಪಿನ್‌ಗೆ ಇದೇ ಲೆಕ್ಕ 1 ಲಕ್ಷ 29 ಸಾವಿರಕ್ಕೆ ಹೋಗಿ ನಿಲ್ಲುತ್ತದೆ. ಕುಡಿಯುವ ನೀರಿನ ಸೋಂಕು ತೆಗೆಯಲು ಸಾಮಾನ್ಯವಾಗಿ ಹಿಡಿಯುವ ಡೋಸ್ 40. ಅಂದರೆ ಅಡುಗೆಮನೆಯ ಯುವಿ ಫಿಲ್ಟರ್ ಸರಿಯಾಗಿ ಕೆಲಸ ಮಾಡಿದರೂ ಡೈಕ್ಲೋಫೆನಾಕ್‌ನಲ್ಲಿ ಐದನೇ ಒಂದು ಭಾಗ ಹೋದೀತು, ಕಾರ್ಬಮಜೆಪಿನ್ ಹಾಗೇ ಇರುತ್ತದೆ. ಆ ಯಂತ್ರ ಬ್ಯಾಕ್ಟೀರಿಯಾ, ವೈರಸ್‌ಗಳಿಗೆಂದು ಮಾಡಿದ್ದು. ಜಾಹೀರಾತಿನಲ್ಲಿ 'ರಾಸಾಯನಿಕಗಳಿಂದಲೂ ಮುಕ್ತಿ' ಎಂದು ಬರೆದಿದ್ದರೆ ಆ ಮಾತು ಯುವಿ ದೀಪಕ್ಕೆ ಸಲ್ಲುವುದಿಲ್ಲ. ಜೊತೆಗಿರುವ ಆರ್‌ಒ ಪೊರೆಗೋ ಇದ್ದಿಲಿಗೋ ಸಲ್ಲಬಹುದು.

(ಡೈಕ್ಲೋಫೆನಾಕ್ ಎಂದ ಕೂಡಲೇ ರಣಹದ್ದು ನೆನಪಾಗುವವರಿಗೆ: ಅಲ್ಲಿ ವಿಷ ಹೋದದ್ದು ಸತ್ತ ದನದ ಮಾಂಸದ ಮೂಲಕ, ನೀರಿನಿಂದಲ್ಲ. ಪಶುಗಳಿಗೆ ಅದನ್ನು ಕೊಡುವುದನ್ನು ನಮ್ಮ ದೇಶ ನಿಷೇಧಿಸಿದ್ದು 2006ರಲ್ಲಿ.)

ಕಾರ್ಬಮಜೆಪಿನ್‌ನಂಥ ಹಟಮಾರಿ ಅಣುಗಳಿಗಾಗಿಯೇ ನೀರಿಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಯುವಿ ಹಾಯಿಸುತ್ತಾರೆ. ಬೆಳಕು ಪೆರಾಕ್ಸೈಡನ್ನು ಎರಡು ಹೋಳು ಮಾಡುತ್ತದೆ, ಸಿಕ್ಕಿದ್ದರ ಜೊತೆಗೆಲ್ಲ ವರ್ತಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಅದು ಕಾರ್ಬಮಜೆಪಿನ್ ಜೊತೆ ವರ್ತಿಸುವ ವೇಗದ ಸ್ಥಿರಾಂಕ 880 ಕೋಟಿ (ಲೀಟರಿಗೆ ಒಂದು ಮೋಲ್ ಇದ್ದರೆ, ಸೆಕೆಂಡಿಗೆ). ನೀರಿನಲ್ಲಿ ಎರಡು ಅಣುಗಳು ಡಿಕ್ಕಿ ಹೊಡೆಯುವ ಗರಿಷ್ಠ ವೇಗಕ್ಕೆ ಹತ್ತಿರದ ಸಂಖ್ಯೆ ಇದು. ಡೈಕ್ಲೋಫೆನಾಕ್‌ಗೆ 750 ಕೋಟಿ, ಐಬುಪ್ರೊಫೆನ್‌ಗೆ 740 ಕೋಟಿ, ಸಲ್ಫಾಮೆಥಾಕ್ಸಜೋಲ್‌ಗೆ 550 ಕೋಟಿ. ಎಲ್ಲವೂ ಒಂದೇ ದರ್ಜೆಯವು, ರ‍್ಯಾಡಿಕಲ್‌ಗೆ ಆಯ್ಕೆ ಎಂಬುದೇ ಇಲ್ಲ. ತಂತ್ರದ ಶಕ್ತಿಯೂ ಇದೇ, ದೌರ್ಬಲ್ಯವೂ ಇದೇ. ಔಷಧವನ್ನು ಹೇಗೆ ನುಂಗುತ್ತದೋ ನೀರಿನಲ್ಲಿರುವ ಬೈಕಾರ್ಬನೇಟನ್ನು, ಕೊಳೆತ ಎಲೆಯ ಹ್ಯೂಮಿಕ್ ಅಂಶವನ್ನು, ಸೋಪಿನ ಶೇಷವನ್ನು ಹಾಗೇ ನುಂಗುತ್ತದೆ. ಔಷಧ ಇರುವುದು ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ, ಉಳಿದದ್ದು ಮಿಲಿಗ್ರಾಂ ಲೆಕ್ಕದಲ್ಲಿ.

ಔಷಧಕ್ಕೆ ಸಿಗಬೇಕಾದ ರ‍್ಯಾಡಿಕಲ್ ಕದಿಯುವ ಈ ಕಳ್ಳರ ಲೆಕ್ಕ ಹಾಕಲು ಬರದಿದ್ದರೆ ದೀಪದ ವ್ಯಾಟ್ ಚರ್ಚೆ ಮಾಡುವುದೇ ವ್ಯರ್ಥ. ವಿಧಾನ ಸರಳ. ಪ್ರತಿ ಪದಾರ್ಥದ ಸಾಂದ್ರತೆಯನ್ನು ಅದರ ವೇಗದ ಸ್ಥಿರಾಂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ. ಕ್ಷಾರತೆ ಲೀಟರಿಗೆ 300 ಮಿಲಿಗ್ರಾಂ (ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ) ಇರುವ ನೀರಿನಲ್ಲಿ ಬೈಕಾರ್ಬನೇಟ್ 6 ಮಿಲಿಮೋಲ್ ಇರುತ್ತದೆ, ಅದರ ಪಾಲು ಸೆಕೆಂಡಿಗೆ 51 ಸಾವಿರ. ಕರಗಿದ ಸಾವಯವ ಇಂಗಾಲಕ್ಕೆ ಪ್ರತಿ ಮಿಲಿಗ್ರಾಂಗೆ ಸುಮಾರು 25 ಸಾವಿರ ಹಿಡಿಯಬಹುದು. ಎಸ್‌ಟಿಪಿಯಿಂದ (ಚರಂಡಿ ನೀರಿನ ಸಂಸ್ಕರಣಾ ಘಟಕ) ಹೊರಬಂದ ನೀರಿನಲ್ಲಿ ಅದು 8 ಮಿಲಿಗ್ರಾಂ ಇದ್ದರೆ 2 ಲಕ್ಷ. ನಾವೇ ಹಾಕಿದ ಪೆರಾಕ್ಸೈಡ್ ಕೂಡ ಕಳ್ಳನೇ: ಲೀಟರಿಗೆ 10 ಮಿಲಿಗ್ರಾಂ ಹಾಕಿದರೆ ಅದರ ಪಾಲು 8 ಸಾವಿರ. ಒಟ್ಟು 2 ಲಕ್ಷ 60 ಸಾವಿರ.

ಈಗ ಇದೇ 10 ಮಿಲಿಗ್ರಾಂ ಪೆರಾಕ್ಸೈಡ್ ಇಟ್ಟುಕೊಂಡು, ಕಾರ್ಬಮಜೆಪಿನ್ ಹತ್ತನೇ ಒಂದು ಭಾಗಕ್ಕೆ ಇಳಿಯಲು ಬೇಕಾದ ಡೋಸ್ ಲೆಕ್ಕ ಹಾಕಿದರೆ ಆರ್‌ಒ ಪೊರೆ ದಾಟಿದ ನೀರಿಗೆ ಸುಮಾರು 115, ಸಾವಯವ ಇಂಗಾಲ 3 ಮಿಲಿಗ್ರಾಂ ಇರುವ ಕೆರೆ ನೀರಿಗೆ 1,000, ಎಸ್‌ಟಿಪಿ ನೀರಿಗೆ 2,500 ಮಿಲಿಜೌಲ್ ಬರುತ್ತದೆ. ಔಷಧ ಅದೇ, ದೀಪ ಅದೇ, ಪೆರಾಕ್ಸೈಡ್ ಅದೇ. ಬದಲಾದದ್ದು ನೀರು ಮಾತ್ರ.

ನೈಟ್ರೈಟ್ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ಬಹಳ ಕಡೆ ಇದನ್ನು ಯಾರೂ ಅಳೆಯುವುದಿಲ್ಲ. ಅದರ ಸ್ಥಿರಾಂಕ 1,000 ಕೋಟಿ. ಲೀಟರಿಗೆ 1 ಮಿಲಿಗ್ರಾಂ ನೈಟ್ರೈಟ್ ನೈಟ್ರೋಜನ್ ಇದ್ದರೆ ಅದೊಂದೇ 7 ಲಕ್ಷ ಕದಿಯುತ್ತದೆ, ಮೇಲಿನ ಎಲ್ಲವನ್ನೂ ಕೂಡಿಸಿದ್ದಕ್ಕಿಂತ ಎರಡೂವರೆ ಪಟ್ಟು ಹೆಚ್ಚು. ಗಾಳಿ ಸಾಲದೆ, ಬ್ಲೋವರನ್ನು ಕರೆಂಟ್ ಉಳಿಸಲು ರಾತ್ರಿ ನಿಲ್ಲಿಸುವ ಅಪಾರ್ಟ್‌ಮೆಂಟ್ ಎಸ್‌ಟಿಪಿಗಳಲ್ಲಿ ಅಮೋನಿಯಾ ಪೂರ್ತಿ ನೈಟ್ರೇಟ್ ಆಗದೆ ನಡುವೆ ನೈಟ್ರೈಟ್‌ನಲ್ಲೇ ನಿಲ್ಲುವುದುಂಟು. ಅಂಥ ನೀರಿಗೆ ಯುವಿ ಪೆರಾಕ್ಸೈಡ್ ಕೂರಿಸುವುದು ದುಡ್ಡನ್ನು ಸುಟ್ಟ ಹಾಗೆ. ಮೊದಲು ಬ್ಲೋವರ್ ಸರಿ ಮಾಡಿಸಿ.

ಇನ್ನೊಂದು ನಷ್ಟ ಬೆಳಕಿನದ್ದು. ಎಸ್‌ಟಿಪಿ ನೀರಿನ ಯುವಿಟಿ, ಅಂದರೆ 1 ಸೆಂಟಿಮೀಟರ್ ನೀರು ದಾಟಿ ಉಳಿಯುವ 254 ನ್ಯಾನೊಮೀಟರ್ ಬೆಳಕು, ಶೇ. 65 ಆಸುಪಾಸು ಇರುತ್ತದೆ. ಅಲ್ಲಿ 10 ಮಿಲಿಗ್ರಾಂ ಪೆರಾಕ್ಸೈಡಿಗೆ ಸಿಗುವುದು ನೂರು ಫೋಟಾನ್‌ನಲ್ಲಿ ಬರೀ 3. ಉಳಿದ 97 ನೀರಿನ ಬಣ್ಣಕ್ಕೆ ಹೋಗುತ್ತವೆ. ಯುವಿಟಿ ಶೇ. 95 ಇದ್ದರೆ ಪೆರಾಕ್ಸೈಡಿಗೆ 20 ಸಿಗುತ್ತವೆ. ಪೆರಾಕ್ಸೈಡನ್ನೇ 50 ಮಿಲಿಗ್ರಾಂಗೆ ಏರಿಸಿದರೆ ಆಗದೇ? ಆ ಕೊಳೆ ನೀರಿನಲ್ಲಿ ಪಾಲು 3ರಿಂದ 13ಕ್ಕೆ ಏರುತ್ತದೆ, ನಿಜ. ಆದರೆ ಅದರಲ್ಲಿ ದೀಪದಡಿ ಖರ್ಚಾಗುವುದು ಸಾಮಾನ್ಯವಾಗಿ ಹತ್ತನೇ ಒಂದು ಭಾಗವೂ ಅಲ್ಲ. ಉಳಿದದ್ದನ್ನು ಕೊನೆಯಲ್ಲಿ ಕೊಲ್ಲಲು ಮತ್ತೆ ಖರ್ಚು. ಕ್ಲೋರಿನ್‌ನಿಂದ ಕೊಲ್ಲುವುದಾದರೆ ಪ್ರತಿ ಮಿಲಿಗ್ರಾಂ ಪೆರಾಕ್ಸೈಡಿಗೆ 2.1 ಮಿಲಿಗ್ರಾಂ ಕ್ಲೋರಿನ್ ಬೇಕು.

ಪ್ರಯೋಗಾಲಯದಲ್ಲಿ ಪರೀಕ್ಷೆ

ಯಾವ ಕಂಪನಿಯ ಕೊಟೇಶನ್ ಬಂದರೂ, ನಿಮ್ಮದೇ ನೀರಿನ ಮೇಲೆ ಸಮಾಂತರ ಕಿರಣದ ಪರೀಕ್ಷೆ ಮಾಡದೆ ಸಹಿ ಹಾಕಬೇಡಿ. ಬೇಕಾದದ್ದು ಕಡಿಮೆ ಒತ್ತಡದ ಪಾದರಸದ ದೀಪ, ಅದರ ಕೆಳಗೆ ಒಳಮೈಗೆ ಮಂಕು ಕಪ್ಪು ಬಣ್ಣ ಬಳಿದ 30 ಸೆಂಟಿಮೀಟರ್ ಕೊಳವೆ, ಕೊಳವೆಯ ಕೆಳಗೆ ಮ್ಯಾಗ್ನೆಟಿಕ್ ಸ್ಟಿರರ್, ಅದರ ಮೇಲೆ 8 ಸೆಂಟಿಮೀಟರ್ ಒಳವ್ಯಾಸದ ಗಾಜಿನ ಪಾತ್ರೆ. 100 ಮಿಲಿ ನೀರು ಹಾಕಿದರೆ ಆಳ 2 ಸೆಂಟಿಮೀಟರ್ ಬರುತ್ತದೆ. ಬೆಳಕು ಮೇಲಿನಿಂದ ಬೀಳುವುದರಿಂದ ಮಾಮೂಲಿ ಗಾಜು ನಡೆಯುತ್ತದೆ. ದೀಪವನ್ನು ನೀರಿನೊಳಗೆ ಇಳಿಸುವುದಾದರೆ ಮಾತ್ರ ಕ್ವಾರ್ಟ್ಜ್ ಬೇಕೇ ಬೇಕು. ಮಾಮೂಲಿ ಗಾಜು 254ರ ಬೆಳಕನ್ನು ತಡೆದುಬಿಡುತ್ತದೆ. ದೀಪ ಹೊತ್ತಿಸಿ ಕನಿಷ್ಠ 20 ನಿಮಿಷ ಬಿಡಿ, ತಣ್ಣಗಿನ ದೀಪದ ಬೆಳಕು ಸ್ಥಿರವಾಗಿರುವುದಿಲ್ಲ.

ಮೀಟರ್ ತೋರಿಸುವುದು ನೀರಿನ ಮೇಲ್ಮೈಗೆ ಬೀಳುವ ಬೆಳಕು. ನೀರಿನೊಳಗಿನ ಸರಾಸರಿ ಬೇರೆ. ಮೀಟರ್ ಪಾತ್ರೆಯ ನಡುವಿನಲ್ಲಿ ಚದರ ಸೆಂಟಿಮೀಟರಿಗೆ 0.5 ಮಿಲಿವ್ಯಾಟ್ ತೋರಿಸಿತು ಎಂದಿಟ್ಟುಕೊಳ್ಳಿ. ಪಾತ್ರೆಯ ಅಂಚಿನಲ್ಲಿ ಬೆಳಕು ಕಡಿಮೆ, ಅದಕ್ಕೆ 0.9. ಮೇಲ್ಮೈಯಿಂದ ಪ್ರತಿಫಲಿಸಿ ಹೋಗುವುದಕ್ಕೆ 0.975. ಶೇ. 65 ಯುವಿಟಿಯ ನೀರು 2 ಸೆಂಟಿಮೀಟರ್ ಆಳದಲ್ಲಿ ಹೀರುವುದಕ್ಕೆ 0.67. ಕಿರಣ ಹರಡುವುದಕ್ಕೆ 30ನ್ನು 32ರಿಂದ ಭಾಗಿಸಿ, 0.94. ಎಲ್ಲ ಗುಣಿಸಿದರೆ ಉಳಿಯುವುದು 0.276 ಮಿಲಿವ್ಯಾಟ್. 500 ಮಿಲಿಜೌಲ್ ಡೋಸ್ ಕೊಡಲು ಬೇಕಾದ ಸಮಯ 30 ನಿಮಿಷ. ಈ ತಿದ್ದುಪಡಿ ಮಾಡದವರು 1,000 ಸೆಕೆಂಡ್, ಅಂದರೆ 17 ನಿಮಿಷಕ್ಕೆ ದೀಪ ಆರಿಸಿ '500 ಕೊಟ್ಟೆವು' ಎಂದು ಬರೆಯುತ್ತಾರೆ. ನಿಜವಾಗಿ ಕೊಟ್ಟದ್ದು 276.

ಮೀಟರನ್ನೇ ನಂಬಬಹುದೇ ಎಂದು ತಿಳಿಯಲು ಅಯೊಡೈಡ್–ಅಯೊಡೇಟ್ ದ್ರಾವಣ ಇದೆ. 100 ಮಿಲಿಗೆ ಪೊಟ್ಯಾಸಿಯಂ ಅಯೊಡೈಡ್ 9.96 ಗ್ರಾಂ, ಪೊಟ್ಯಾಸಿಯಂ ಅಯೊಡೇಟ್ 2.14 ಗ್ರಾಂ, ಬೊರಾಕ್ಸ್ 0.38 ಗ್ರಾಂ. ಅಂದೇ ಮಾಡಿ ಅಂದೇ ಬಳಸಿ. ಅದೇ ಪಾತ್ರೆಯಲ್ಲಿ 1 ನಿಮಿಷ ಬೆಳಕಿಗೆ ಇಟ್ಟು, 352 ನ್ಯಾನೊಮೀಟರ್‌ನಲ್ಲಿ 1 ಸೆಂಟಿಮೀಟರ್ ಕುವೆಟ್‌ನಲ್ಲಿ ಓದಿ, ಬೆಳಕಿಗೆ ಇಡದ ದ್ರಾವಣದ ಓದನ್ನು ಕಳೆಯಿರಿ. ಮೇಲಿನ ಉದಾಹರಣೆಯ ಕಿರಣ ಸರಿಯಿದ್ದರೆ 0.57 ಹತ್ತಿರ ಬರಬೇಕು. 0.4 ಬಂದರೆ ಮೀಟರಿನ ಸೆನ್ಸರನ್ನು ಅನುಮಾನಿಸಿ. ಕೋಣೆಯ ಟ್ಯೂಬ್‌ಲೈಟ್ ಬೆಳಕು ಈ ದ್ರಾವಣವನ್ನು ಕೆಡಿಸುವುದಿಲ್ಲ, ಅದೊಂದು ಅನುಕೂಲ.

ಔಷಧ ಬೆರೆಸುವಾಗ ಆಗುವ ಅನಾಹುತವೇ ಎಲ್ಲಕ್ಕಿಂತ ದೊಡ್ಡದು. ಕಾರ್ಬಮಜೆಪಿನ್ ನೀರಿನಲ್ಲಿ ಸುಲಭಕ್ಕೆ ಕರಗದು. ಹಾಗಾಗಿ ಮೆಥನಾಲ್‌ನಲ್ಲಿ ಗಟ್ಟಿ ದ್ರಾವಣ ಮಾಡಿ, 100 ಮಿಲಿ ನೀರಿಗೆ 0.1 ಮಿಲಿ ಹಾಕುವುದು ರೂಢಿ. ಸಾವಿರದಲ್ಲಿ ಒಂದು ಪಾಲು ಮೆಥನಾಲ್ ತಾನೇ ಅನ್ನಿಸುತ್ತದೆ. ಆದರೆ ಅಷ್ಟು ಮೆಥನಾಲ್ ಸೆಕೆಂಡಿಗೆ 2 ಕೋಟಿ 40 ಲಕ್ಷದ ಲೆಕ್ಕದಲ್ಲಿ ರ‍್ಯಾಡಿಕಲ್ ಕದಿಯುತ್ತದೆ, ಎಸ್‌ಟಿಪಿ ನೀರಿನ ಒಟ್ಟು ಕಳ್ಳತನದ ಸುಮಾರು ನೂರು ಪಟ್ಟು. ಫಲಿತಾಂಶದಲ್ಲಿ 'ಪೆರಾಕ್ಸೈಡ್ ಹಾಕಿದರೂ ವ್ಯತ್ಯಾಸ ಇಲ್ಲ' ಎಂದು ಬರುತ್ತದೆ. ಪರಿಹಾರ ಎರಡು. ಮೆಥನಾಲ್ ದ್ರಾವಣವನ್ನು ಖಾಲಿ ಪಾತ್ರೆಗೆ ಹಾಕಿ, ಗಾಳಿ ಹಾಯಿಸಿ ಪೂರ್ತಿ ಆರಿಸಿ, ಆಮೇಲೆ ನೀರು ಸುರಿದು ಕಲಕುವುದು; ಇಲ್ಲವೇ ಲೀಟರಿಗೆ 10 ಮಿಲಿಗ್ರಾಂನಂತೆ ನೇರ ನೀರಿನಲ್ಲೇ ರಾತ್ರಿಯಿಡೀ ಕಲಕಿ ಸ್ಟಾಕ್ ಮಾಡುವುದು. ಔಷಧದಂಗಡಿಯ ಮಾತ್ರೆಯನ್ನು ಅರೆದು ಹಾಕುವ ಯೋಚನೆ ಬೇಡ. ಮಾತ್ರೆಯಲ್ಲಿ ಔಷಧದ ಜೊತೆಗೆ ಪಿಷ್ಟ, ಅಂಟು, ಬಣ್ಣ ಇರುತ್ತವೆ. ನೀರು ಕದಡುತ್ತದೆ, ಸಾವಯವ ಇಂಗಾಲ ಏರುತ್ತದೆ.

ಸಾಂದ್ರತೆಯನ್ನೂ ಅತಿಯಾಗಿ ಏರಿಸಬೇಡಿ. ಲೀಟರಿಗೆ 1 ಮಿಲಿಗ್ರಾಂ ಕಾರ್ಬಮಜೆಪಿನ್ ತಾನೇ 37 ಸಾವಿರ ಕದಿಯುತ್ತದೆ. ಎಸ್‌ಟಿಪಿ ನೀರಿನಲ್ಲಿ ಅದು ಗೊತ್ತಾಗದು, ಆರ್‌ಒ ನೀರಿನಲ್ಲಿ ಮಾತ್ರ ಲೆಕ್ಕವನ್ನೇ ಬುಡಮೇಲು ಮಾಡುತ್ತದೆ. ಲೀಟರಿಗೆ 100 ಮೈಕ್ರೋಗ್ರಾಂ ಒಳ್ಳೆಯ ನಡುವಿನ ದಾರಿ.

ಪೆರಾಕ್ಸೈಡ್ ಅಳತೆ: ಶೇ. 30ರ ಬಾಟಲಿಯಿಂದ 1 ಮಿಲಿ ತೆಗೆದು 100 ಮಿಲಿಗೆ ಏರಿಸಿ. ಅದರಲ್ಲಿ 0.30 ಮಿಲಿಯನ್ನು 100 ಮಿಲಿ ಮಾದರಿಗೆ ಹಾಕಿದರೆ ಲೀಟರಿಗೆ 10 ಮಿಲಿಗ್ರಾಂ. ಬಾಟಲಿ ಹಳೆಯದಾದರೆ ಅದರ ಶಕ್ತಿ ಇಳಿದಿರುತ್ತದೆ, ಪರ್ಮಾಂಗನೇಟ್ ಟೈಟ್ರೇಶನ್ ಮಾಡಿ ನೋಡುವುದು ಲೇಸು. ಡೋಸ್ 0, 100, 250, 500, 1,000 ಹೀಗೆ ಬೇರೆ ಬೇರೆ ಪಾತ್ರೆಗಳಲ್ಲಿ ಕೊಡಿ. ಒಂದೇ ಪಾತ್ರೆಯಿಂದ ಆಗಾಗ ಮಾದರಿ ತೆಗೆದರೆ ಆಳ ಇಳಿದು ಡೋಸ್ ಲೆಕ್ಕ ತಪ್ಪುತ್ತದೆ. ದೀಪವಿಲ್ಲದೆ ಬರೀ ಪೆರಾಕ್ಸೈಡ್ ಹಾಕಿದ್ದು ಒಂದು, ಪೆರಾಕ್ಸೈಡ್ ಇಲ್ಲದೆ ಬರೀ ದೀಪ ಹಾಕಿದ್ದು ಇನ್ನೊಂದು ಇರಲೇಬೇಕು. ಬೆಳಕಿನಿಂದ ಹೊರತೆಗೆದ ಕೂಡಲೇ ಕ್ಯಾಟಲೇಸ್ ಕಿಣ್ವ ಹಾಕಿ ಉಳಿದ ಪೆರಾಕ್ಸೈಡನ್ನು ಮುಗಿಸಿ. ಎಚ್‌ಪಿಎಲ್‌ಸಿಯಲ್ಲಿ (ದ್ರಾವಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಸಿ18 ಕಾಲಮ್ ಸಾಕು, ಕಾರ್ಬಮಜೆಪಿನ್ 285 ನ್ಯಾನೊಮೀಟರ್‌ನಲ್ಲಿ, ಡೈಕ್ಲೋಫೆನಾಕ್ 276ರಲ್ಲಿ ಚೆನ್ನಾಗಿ ಕಾಣುತ್ತವೆ. ಎಸ್‌ಟಿಪಿ ನೀರಿನ ಮಾದರಿಯಾದರೆ ಮೊದಲು ಘನ ಹಂತದ ಕಾರ್ಟ್ರಿಜ್‌ನಲ್ಲಿ ಸಾಂದ್ರೀಕರಿಸಿಕೊಳ್ಳಿ.

ಸಿಒಡಿ (ನೀರಿನ ಕೊಳೆಯನ್ನು ಉತ್ಕರ್ಷಿಸಲು ಬೇಕಾದ ಆಮ್ಲಜನಕ) ನೋಡಿ ಫಲಿತಾಂಶ ಹೇಳುವವರಿಗೆ ಒಂದು ಎಚ್ಚರಿಕೆ: ಉಳಿದ ಪೆರಾಕ್ಸೈಡ್ ಪ್ರತಿ ಮಿಲಿಗ್ರಾಂಗೆ 0.47ರವರೆಗೆ ಸಿಒಡಿಯಾಗಿ ಕಾಣಿಸಿಕೊಳ್ಳುತ್ತದೆ. 'ಸಂಸ್ಕರಣೆ ಆದಮೇಲೆ ಸಿಒಡಿ ಏರಿತು' ಎಂಬ ದೂರುಗಳಲ್ಲಿ ಎಷ್ಟೋ ಇದರಿಂದಲೇ ಬಂದವು.

ಕಣ್ಣು, ಚರ್ಮ ಕಾಪಾಡಿಕೊಳ್ಳಿ. 254 ನ್ಯಾನೊಮೀಟರ್‌ಗೆ ಎಂಟು ಗಂಟೆಯ ಕೆಲಸದ ಅವಧಿಯಲ್ಲಿ ಮೈಗೆ ಬೀಳಬಹುದಾದ ಮಿತಿ 6 ಮಿಲಿಜೌಲ್. 0.5 ಮಿಲಿವ್ಯಾಟ್ ಕಿರಣದಡಿ ಕೈ ಇಟ್ಟರೆ ಅದು 12 ಸೆಕೆಂಡಿಗೆ ಮುಗಿಯುತ್ತದೆ. ಉರಿ ತಿಳಿಯುವುದು ಕೆಲವು ಗಂಟೆ ಬಿಟ್ಟು.

ಸ್ಥಾವರದ ಮಾತು

ವಿದ್ಯುತ್ ಲೆಕ್ಕಕ್ಕೆ ಒಂದೇ ಸೂತ್ರ ಸಾಕು: 1,000 ಲೀಟರ್ ನೀರಿನಲ್ಲಿ ಔಷಧವನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಲು ಎಷ್ಟು ಯೂನಿಟ್. 55 ವ್ಯಾಟ್ ದೀಪ 20 ಲೀಟರ್ ನೀರನ್ನು ಒಂದು ಗಂಟೆ ಸುತ್ತಿಸಿ ಅಷ್ಟು ಇಳಿಸಿದರೆ 2.75 ಯೂನಿಟ್. ದಿನಕ್ಕೆ 10 ಲಕ್ಷ ಲೀಟರ್ ಸ್ಥಾವರಕ್ಕೆ ಅದು 2,750 ಯೂನಿಟ್, ಯೂನಿಟ್‌ಗೆ 7 ರೂಪಾಯಿ ಹಿಡಿದರೂ ದಿನಕ್ಕೆ 19 ಸಾವಿರ ದಾಟಿತು. ಜೊತೆಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ಶೇ. 50ರ ಪೆರಾಕ್ಸೈಡ್ ದಿನಕ್ಕೆ 20 ಕೆ.ಜಿ. ದೊಡ್ಡ ರಿಯಾಕ್ಟರಿನಲ್ಲಿ ಬೆಳಕು ಕಡಿಮೆ ಪೋಲಾಗುವುದರಿಂದ ಸಂಖ್ಯೆ ಇಳಿಯುತ್ತದೆ, ಆದರೆ ಕೊಟೇಶನ್‌ನಲ್ಲಿ ಈ ಸಂಖ್ಯೆಯನ್ನೇ ಬರೆಯದ ಕಂಪನಿಯ ಜೊತೆ ಮಾತು ಮುಂದುವರಿಸಬೇಡಿ.

ಕಡಿಮೆ ಒತ್ತಡದ ದೀಪ ವಿದ್ಯುತ್ತಿನ ಶೇ. 30–40ರಷ್ಟನ್ನು 254ಕ್ಕೆ ಪರಿವರ್ತಿಸುತ್ತದೆ. ಮಧ್ಯಮ ಒತ್ತಡದ್ದು ಶೇ. 10–15, ಅದರ ಲಾಭ ಒಂದೇ ದೀಪದಲ್ಲಿ ಬಹಳ ಬೆಳಕು, ಚಿಕ್ಕ ಜಾಗ. ಆದರೆ ಅದು 240 ನ್ಯಾನೊಮೀಟರ್‌ಗಿಂತ ಕೆಳಗಿನ ಬೆಳಕನ್ನೂ ಚೆಲ್ಲುತ್ತದೆ, ನೀರಿನಲ್ಲಿ ನೈಟ್ರೇಟ್ ಇದ್ದರೆ ಆ ಬೆಳಕಿಗೆ ನೈಟ್ರೇಟ್ ಒಡೆದು ನೈಟ್ರೈಟ್ ಆಗುತ್ತದೆ. ನೈಟ್ರೇಟ್ ತುಂಬಿದ ಕೊಳವೆಬಾವಿ ನೀರಿಗೆ ಇದು ಬೇಡವೇ ಬೇಡ.

ಗಡಸು ನೀರಿನ ಊರುಗಳಲ್ಲಿ ದೀಪಕ್ಕಿಂತ ಮೊದಲು ಸೋಲುವುದು ಕ್ವಾರ್ಟ್ಜ್ ಕವಚ. ದೀಪದ ಬಿಸಿಗೆ ಕ್ಯಾಲ್ಸಿಯಂ ಅದರ ಮೇಲೆ ಬಿಳಿ ಪದರವಾಗಿ ಕೂರುತ್ತದೆ, ಕಬ್ಬಿಣ ಇದ್ದರೆ ಕಂದು ಪದರ. ಗಡಸುತನ 120, ಕಬ್ಬಿಣ 0.3 ಮಿಲಿಗ್ರಾಂ ದಾಟಬಾರದೆಂದು ಸಾಮಾನ್ಯವಾಗಿ ಸೂಚನಾ ಪುಸ್ತಕದಲ್ಲೇ ಇರುತ್ತದೆ. ಬಯಲುಸೀಮೆಯ ಎಷ್ಟೋ ಕೊಳವೆಬಾವಿಗಳು ಆ ಗಡಸುತನವನ್ನು ಎರಡು ಮೂರು ಪಟ್ಟು ಮೀರಿವೆ. ಕವಚವನ್ನು ಸಿಟ್ರಿಕ್ ಆಮ್ಲದಲ್ಲಿ ನೆನೆಸಿ ಹತ್ತಿ ಬಟ್ಟೆಯಿಂದ ಒರೆಸಬೇಕು. ತಂತಿ ಬ್ರಷ್ ಹಾಕಿದರೆ ಗೀರು ಬಿದ್ದು ಮುಂದಿನ ಪದರ ಇನ್ನೂ ಬೇಗ ಕೂರುತ್ತದೆ. ಬರಿಗೈಯಲ್ಲಿ ದೀಪ ಮುಟ್ಟಬೇಡಿ, ಬೆರಳಿನ ಎಣ್ಣೆ ಸುಟ್ಟು ಕಲೆಯಾಗುತ್ತದೆ. ದೀಪ 9,000 ಗಂಟೆಯ ಮೇಲೂ ನೀಲಿಯಾಗಿ ಉರಿಯುತ್ತಿರುತ್ತದೆ. ಕಣ್ಣಿಗೆ ಕಾಣುವ ಆ ನೀಲಿಗೂ 254ಕ್ಕೂ ಸಂಬಂಧವಿಲ್ಲ. ಗಂಟೆಯ ಮೀಟರ್ ನೋಡಿ ಬದಲಿಸಿ, ಬಣ್ಣ ನೋಡಿ ಅಲ್ಲ.

ಈ ತಂತ್ರ ನಿಜವಾಗಿ ಎಲ್ಲಿ ನಿಂತಿದೆ ನೋಡಿ. ನೆದರ್ಲೆಂಡ್ಸ್‌ನ ಆಂಡೈಕ್‌ನಲ್ಲಿ 2004ರಿಂದ ಸರೋವರದ ನೀರಿಗೆ ಯುವಿ ಪೆರಾಕ್ಸೈಡ್ ಬಳಸಿದರು. ವಿನ್ಯಾಸದ ಡೋಸ್ 540 ಮಿಲಿಜೌಲ್, ಪೆರಾಕ್ಸೈಡ್ 6 ಮಿಲಿಗ್ರಾಂ, ಬೆನ್ನಿಗೇ ಸಕ್ರಿಯ ಇದ್ದಿಲು. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ 2008ರಿಂದ ಚರಂಡಿ ನೀರನ್ನು ಮೈಕ್ರೋಫಿಲ್ಟರ್, ಆರ್‌ಒ ದಾಟಿಸಿದ ಮೇಲೆ ಕೊನೆಗೆ ಯುವಿ ಪೆರಾಕ್ಸೈಡ್. ಎರಡೂ ಕಡೆ ದೀಪದ ಮುಂದೆ ಬರುವುದು ಮೊದಲೇ ಸ್ವಚ್ಛವಾದ ನೀರು. ಸ್ವಿಟ್ಜರ್ಲೆಂಡ್ 2016ರಿಂದ ಆಯ್ದ ಚರಂಡಿ ಸ್ಥಾವರಗಳಲ್ಲಿ ಶೇ. 80ರಷ್ಟು ಸೂಕ್ಷ್ಮ ಮಾಲಿನ್ಯ ತೆಗೆಯಲೇಬೇಕೆಂಬ ನಿಯಮ ತಂದಿತು, ಆದರೆ ಆರಿಸಿಕೊಂಡದ್ದು ಓಝೋನ್ ಮತ್ತು ಇದ್ದಿಲು. ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ಓಝೋನ್‌ಗೆ ಬಣ್ಣದ ನೀರು ಅಡ್ಡಿಯಲ್ಲ, ಕಾರ್ಬಮಜೆಪಿನ್, ಡೈಕ್ಲೋಫೆನಾಕ್ ಎರಡನ್ನೂ ಅದು ನೇರವಾಗಿ, ಬೇಗನೆ ಒಡೆಯುತ್ತದೆ. ಬ್ರೋಮೈಡ್ ಹೆಚ್ಚಿರುವ ನೀರಿನಲ್ಲಿ ಬ್ರೋಮೇಟ್ ಆಗುತ್ತದೆಂಬುದು ಅದರ ಕಷ್ಟ.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಎರಡನೇ ಹಂತದ ಸಂಸ್ಕರಣೆಯಾಗಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ, ಮೂರನೇ ಹಂತ ಬೇಕೆಂಬ ಕೂಗು ಜಿಲ್ಲೆಯಲ್ಲಿ ಇದೆ. ಆ ಮೂರನೇ ಹಂತಕ್ಕೆ ಯುವಿ ಪೆರಾಕ್ಸೈಡ್ ಎಂದು ಯಾರಾದರೂ ಹೇಳಿದರೆ ಒಪ್ಪುವುದು ಕಷ್ಟ. ದಿನಕ್ಕೆ 40 ಕೋಟಿ ಲೀಟರಿಗೆ, 1,000 ಲೀಟರಿಗೆ ಒಂದೇ ಯೂನಿಟ್ ಎಂದು ಉದಾರವಾಗಿ ಹಿಡಿದರೂ ದಿನಕ್ಕೆ 4 ಲಕ್ಷ ಯೂನಿಟ್. ಓಝೋನ್ ಆದಮೇಲೆ ಇದ್ದಿಲು ಇಟ್ಟರೆ ಅದಕ್ಕಿಂತ ಬಹಳ ಕಡಿಮೆಗೆ ಆಗುತ್ತದೆ. ಔಷಧ ಕಾರ್ಖಾನೆಯ ತ್ಯಾಜ್ಯದ ಕತೆ ಇನ್ನೂ ಬೇರೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಸಂಸ್ಕರಿಸಿದ ತ್ಯಾಜ್ಯದಲ್ಲಿ ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೀವಕ ಲೀಟರಿಗೆ 31 ಮಿಲಿಗ್ರಾಂವರೆಗೆ ಇದ್ದದ್ದು 2007ರಲ್ಲಿ ಪ್ರಕಟವಾಯಿತು. ಅಂಥ ಕಡೆ ದೀಪ ಅಲ್ಲ, ಕಾರ್ಖಾನೆಯೊಳಗೇ ಔಷಧದ ತ್ಯಾಜ್ಯದ ಹರಿವನ್ನು ಬೇರ್ಪಡಿಸುವುದು ಕೆಲಸ.

ಪೆರಾಕ್ಸೈಡ್ ಬದಲು ಯುವಿ ಬೆಳಕಿನಡಿ ಬಳಸುವ ಟೈಟಾನಿಯಂ ಡೈಆಕ್ಸೈಡ್ ಪುಡಿ ಬಗ್ಗೆ ಪ್ರಬಂಧಗಳು ರಾಶಿ ಇವೆ, ನಡೆಯುವ ಸ್ಥಾವರಗಳು ವಿರಳ. ಲೀಟರಿಗೆ ಅರ್ಧ, ಒಂದು ಗ್ರಾಂ ಹಾಕಿದ ನ್ಯಾನೊ ಪುಡಿಯನ್ನು ನೀರಿನಿಂದ ವಾಪಸ್ ತೆಗೆಯುವುದೇ ಒಂದು ಸ್ಥಾವರದ ಕೆಲಸ.

ಕೊನೆಯದಾಗಿ, ಎಚ್‌ಪಿಎಲ್‌ಸಿಯಲ್ಲಿ ಔಷಧದ ಶಿಖರ ಮಾಯವಾದರೆ ಔಷಧ ನಿರ್ನಾಮವಾಯಿತು ಎಂದಲ್ಲ. ಡೈಕ್ಲೋಫೆನಾಕ್ ಬೆಳಕಿಗೆ ಮೊದಲು ಕ್ಲೋರಿನ್ ಕಳಚಿಕೊಂಡು ಕಾರ್ಬಜೋಲ್ ಉಂಗುರದ ಅಣುವಾಗುತ್ತದೆ. ಕಾರ್ಬಮಜೆಪಿನ್‌ನಿಂದ ಆಕ್ರಿಡಿನ್ ಹುಟ್ಟುತ್ತದೆ, ಅದರ ವಿಷ ಮೂಲ ಔಷಧಕ್ಕಿಂತ ಹೆಚ್ಚು. ಒಟ್ಟು ಸಾವಯವ ಇಂಗಾಲ ಅಳೆದರೆ ಔಷಧ ಶೇ. 90 ಹೋದ ಹೊತ್ತಿಗೂ ಇಂಗಾಲ ಅಷ್ಟಾಗಿ ಕದಲಿರುವುದಿಲ್ಲ. ಆದ್ದರಿಂದ ಟೆಂಡರಿನಲ್ಲಿ ಔಷಧದ ಶೇಕಡಾವಾರು ಇಳಿಕೆಯ ಜೊತೆಗೆ ಎರಡು ಷರತ್ತು ಸೇರಿಸಿ: ಒಂದು, ಹೊಳೆಯುವ ಬ್ಯಾಕ್ಟೀರಿಯಾ ಮತ್ತು ಡಾಫ್ನಿಯಾ (ನೀರಿನ ಚಿಗಟ) ಮೇಲೆ ವಿಷಪರೀಕ್ಷೆಯನ್ನು ಸಂಸ್ಕರಣೆಗೆ ಮೊದಲೂ ಆಮೇಲೂ ಮಾಡಬೇಕು, ಪೆರಾಕ್ಸೈಡ್ ಪೂರ್ತಿ ತೆಗೆದ ಮಾದರಿಯಲ್ಲೇ ಮಾಡಬೇಕು; ಎರಡು, ದೀಪ ದಾಟಿದ ಮೇಲೆ ಜೈವಿಕ ಇದ್ದಿಲು ಅಥವಾ ಮರಳಿನ ಹಾಸು ಇರಬೇಕು, ಅರ್ಧ ಒಡೆದ ಅಣುಗಳಲ್ಲಿ ಹೆಚ್ಚಿನವನ್ನು ಸೂಕ್ಷ್ಮಜೀವಿಗಳು ಅಲ್ಲೇ ತಿನ್ನುತ್ತವೆ. ಆ ಹಾಸಿನ ಮೊದಲ ಒಂದು ಅಡಿ ಇದ್ದಿಲು ಉಳಿದ ಪೆರಾಕ್ಸೈಡನ್ನೂ ಒಡೆದುಹಾಕುತ್ತದೆ. ಹಾಗೆ ಒಡೆಯುವಾಗ ಹುಟ್ಟುವ ಆಮ್ಲಜನಕದ ಗುಳ್ಳೆಗಳು ಹಾಸಿನಲ್ಲಿ ಸಿಕ್ಕಿಕೊಂಡು ಒತ್ತಡ ಏರಿಸುತ್ತವೆ, ಅದಕ್ಕಾಗಿ ತೊಟ್ಟಿಯ ಮೇಲ್ಭಾಗದಲ್ಲಿ ಗಾಳಿ ಬಿಡುವ ವಾಲ್ವ್ ಇಡಿಸಿಕೊಳ್ಳಿ.